ಓದುಗರ ಪ್ರಶ್ನೆ: ಸೌದೆ ಉಳಿಸುವ ಒಲೆಯನ್ನು ಒಡೆದದ್ದೇಕೆ?

ಪ್ರಶ್ನೆ: ನಮ್ಮ ಕಡೆ ಅಸ್ತ್ರ ಒಲೆ ಹಾಕಿಸಿಕೊಂಡ ಹಲವರು ಅದನ್ನು ಒಡೆದು ಹಳೆಯ ಒಲೆಗೇ ಮರಳಿದರು. ಜನರಿಗೆ ತಿಳಿವಳಿಕೆ ಸಾಲದೆ?
– ಕುಣಿಗಲ್ ತಾಲ್ಲೂಕಿನ ಓದುಗರು

ಉತ್ತರ: ಹಾಗೆನ್ನುವುದು ಅನ್ಯಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ‘ಅಸ್ತ್ರ’ ಘಟಕ ನಿಮ್ಮ ತಾಲ್ಲೂಕಿನ ಉಂಗ್ರದಲ್ಲೇ ಕೆಲಸ ಮಾಡಿತ್ತು. ಅದು ರೂಪಿಸಿದ ಮೂರು ಪಾತ್ರೆಗಳ ಒಲೆಯ ಲೆಕ್ಕಾಚಾರ ಗಟ್ಟಿಯಾದದ್ದು: ಜಾಲರಿಯ ಕೆಳಗಿಂದ ಗಾಳಿ, ಮುಚ್ಚಿದ ಬೆಂಕಿಗೂಡು, ಒಂದರ ಹಿಂದೊಂದು ಪಾತ್ರೆಗೆ ತಾಗಿ ಚಿಮಣಿಗೆ ಹೋಗುವ ಬಿಸಿ ಹೊಗೆ. ಬೆಂಕಿಗೂಡಿನ ಬಾಯಿ ಮುಚ್ಚಿದ್ದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಅದಕ್ಕೆ ಸೌದೆಯನ್ನು ಗಿಡ್ಡವಾಗಿ, ಸಣ್ಣದಾಗಿ ಸೀಳಬೇಕು. ಉದ್ದ ಕೊಳ್ಳಿಯನ್ನು ತಳ್ಳುತ್ತಾ ಉರಿಸುವ ಮನೆಯಲ್ಲಿ ಬಾಯಿ ತೆರೆದೇ ಇರುತ್ತದೆ, ತಣ್ಣನೆ ಗಾಳಿ ನುಗ್ಗಿ ಉಳಿತಾಯ ಹೋಗುತ್ತದೆ. ಸೀಳುವ ಕೆಲಸ ಯಾರದು? ಬಹುಪಾಲು ಹೆಂಗಸರದೇ. ಬೇಲಿಯಲ್ಲಿ ಆಯ್ದು ತಂದ ಸೌದೆ ಉಳಿದರೆ ಕೈಗೆ ಕಾಸು ಬರುವುದಿಲ್ಲ. ಅದೇ ಸೌದೆಯನ್ನು ಕೊಂಡು ತರುವ ಹೋಟೆಲ್, ಹಾಸ್ಟೆಲ್‌ಗಳಿಗೆ ಉಳಿತಾಯ ಆ ತಿಂಗಳೇ ಕಾಣುತ್ತದೆ. ಒಂದೇ ಒಲೆ, ಎರಡು ಅರ್ಥಶಾಸ್ತ್ರ.

ಇನ್ನು ಮುದ್ದೆ. ಹಿಟ್ಟು ಬೆಂದ ಮೇಲೆ ಪಾತ್ರೆ ಇಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು ತೊಳಸುತ್ತಾರೆ. ಆ ಹೊತ್ತಿಗೆ ಒಲೆಯ ಕಣ್ಣು, ಅಂದರೆ ಪಾತ್ರೆ ಕೂರುವ ತೂತು, ತೆರೆದಿರುತ್ತದೆ. ಚಿಮಣಿ ಬೆಂಕಿಗೂಡಿನ ಬದಲು ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ, ಉರಿ ಸೊರಗಿ ಅಡುಗೆಮನೆಗೆ ಹೊಗೆ. ಒಲೆಯ ಮೇಲೆಯೇ ತೊಳಸಿದರೆ ಮಣ್ಣಿನ ಅಂಚು ಬಿರುಕು ಬಿಡುತ್ತದೆ.

ಈಗಲೂ ಹಾಕಿಸುವವರು ಮೊದಲು ಮನೆಯ ಪಾತ್ರೆಗಳನ್ನು ಅಳೆದು, ಆಮೇಲೆ ಕಣ್ಣು ಕೊರೆಸಿ. ಸಣ್ಣ ಪಾತ್ರೆಗೆ ಕಬ್ಬಿಣದ ಬಳೆ, ಪಾತ್ರೆ ಇಳಿಸಿದಾಗ ಮುಚ್ಚಲು ತಗಡಿನ ಮುಚ್ಚಳ ಮಾಡಿಸಿಡಿ. ಚಿಮಣಿಯ ಮಸಿಯನ್ನು ತಿಂಗಳಿಗೊಮ್ಮೆಯಾದರೂ ತೆಗೆಯಿರಿ. ಹೊಗೆ ಹಿಂದಕ್ಕೆ ಬಂದರೆ ಮೊದಲ ಅನುಮಾನ ಮಸಿಯ ಮೇಲಿರಲಿ.

ಪ್ರಶ್ನೆ: ನೈಜೀರಿಯಾದ ‘ಮಡಕೆಯೊಳಗೆ ಮಡಕೆ’ ಫ್ರಿಜ್ ಉಡುಪಿಯಲ್ಲಿ ನಡೆದೀತೆ?

ಉತ್ತರ: ಅಷ್ಟಾಗಿ ಇಲ್ಲ. ಮೊಹಮ್ಮದ್ ಬಾ ಅಬ್ಬಾ ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ತಂದ ಈ ಮಡಕೆ ಉತ್ತರ ನೈಜೀರಿಯಾದ ಒಣ ಹವೆಗೆ ಹುಟ್ಟಿದ್ದು. ಎರಡು ಮಡಕೆಗಳ ನಡುವಿನ ಒದ್ದೆ ಮರಳಿನ ನೀರು ಆರಿದರಷ್ಟೇ ತಂಪು. 35 ಡಿಗ್ರಿ ಬಿಸಿಲಲ್ಲಿ ತೇವಾಂಶ ಶೇ. 20 ಇದ್ದರೆ ಸುಮಾರು 19 ಡಿಗ್ರಿಯವರೆಗೆ ಇಳಿಯುವ ಅವಕಾಶವಿದೆ. ಕರಾವಳಿಯ 32 ಡಿಗ್ರಿ, ಶೇ. 80ರಲ್ಲಿ 29ರ ಹತ್ತಿರವೇ ನಿಲ್ಲುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಗೆ ಧೈರ್ಯವಾಗಿ ಮಾಡಿ. ಹೊರಗಿನ ಮಡಕೆಗೆ ಬಣ್ಣವನ್ನಾಗಲಿ ಮೆರುಗನ್ನಾಗಲಿ ಬಳಿಯಬೇಡಿ, ರಂಧ್ರ ಮುಚ್ಚಿಹೋಗುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ಇಟ್ಟು ದಿನಕ್ಕೆ ಎರಡು ಸಲ ಮರಳಿಗೆ ನೀರು ಹಾಕಿ.