ನಯ ಸ್ನಾಯುವೋ, ಟೆಂಡನ್ನೋ: ಸ್ಲೈಡ್‌ನಲ್ಲಿ ಗುರುತಿಸುವ ಬಗೆ

ಸೂಕ್ಷ್ಮದರ್ಶಕದಲ್ಲಿ ನಯ ಸ್ನಾಯು (ಕರುಳು, ರಕ್ತನಾಳಗಳಂಥವುಗಳ ಗೋಡೆಯಲ್ಲಿರುವ ಸ್ನಾಯು) ಮತ್ತು ಟೆಂಡನ್‌ನ (ಸ್ನಾಯುವನ್ನು ಮೂಳೆಗೆ ಜೋಡಿಸುವ ಕಟ್ಟು) ಸ್ಲೈಡ್‌ಗಳು ನಿಮಗೆ ಒಂದೇ ಬಗೆಯಾಗಿ ಕಂಡರೆ, ಅದಕ್ಕೆ ಬಹುಶಃ ಕಾರಣ, ನೀವು ಗುಲಾಬಿ ಎಳೆಗಳನ್ನಷ್ಟೇ ನೋಡಿ ತೀರ್ಮಾನಿಸುತ್ತಿರುವುದು. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಬಣ್ಣಗಳನ್ನು ಹಾಕಿದಾಗ ಸ್ನಾಯುವಿನ ಕೋಶರಸವೂ ಟೆಂಡನ್‌ನ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳೂ ಗುಲಾಬಿಯಾಗುತ್ತವೆ. ಆದ್ದರಿಂದ ನೇರಳೆ ಬಣ್ಣದ ಕೋಶಕೇಂದ್ರ ಎಲ್ಲಿದೆ ಎಂಬುದನ್ನೇ ನೋಡಬೇಕು.

ಮೊದಲು 10 ಪಟ್ಟಿನ ಮಸೂರದಲ್ಲಿ, ಎಳೆಗಳನ್ನು ಉದ್ದುದ್ದಕ್ಕೆ ಕತ್ತರಿಸಿರುವ ಭಾಗವನ್ನು ಹುಡುಕಿಕೊಳ್ಳಿ. ಅನಂತರ 40 ಪಟ್ಟಿನ ಮಸೂರಕ್ಕೆ ಬದಲಿಸಿ, ಸೂಕ್ಷ್ಮ ಹೊಂದಾಣಿಕೆಯ ತಿರುಪನ್ನು ನಿಧಾನವಾಗಿ ತಿರುಗಿಸುತ್ತ ಒಂದೇ ಒಂದು ಕೋಶಕೇಂದ್ರವನ್ನು ಗಮನಿಸಿ. ಅದು ತುದಿ ದುಂಡಗಿರುವ ಉದ್ದನೆಯ ಆಕಾರದ್ದಾಗಿದ್ದು, ಸುತ್ತಲೂ ಗುಲಾಬಿ ಕೋಶರಸದಿಂದ ಆವೃತವಾಗಿದ್ದರೆ ಅದು ನಯ ಸ್ನಾಯು. ಕೋಶ ಸಂಕುಚಿಸಿದ್ದಾಗ ಇದೇ ಕೋಶಕೇಂದ್ರ ತಿರುಪುಮೊಳೆಯಂತೆ ಸುರುಳಿಯಾಗಿಯೂ ಕಾಣುವುದುಂಟು, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಹಾಗಲ್ಲದೆ, ಕೋಶಕೇಂದ್ರವು ತೆಳ್ಳಗೆ, ಗಾಢವಾಗಿ, ಎರಡು ಎಳೆಗಳ ನಡುವೆ ಅದುಮಿಟ್ಟ ಗೀರಿನಂತಿದ್ದು, ಅಂಥವು ವಿರಳವಾಗಿ ಸಾಲುಗಟ್ಟಿದ್ದರೆ ಅವು ಫೈಬ್ರೊಬ್ಲಾಸ್ಟ್‌ಗಳವು (ಕೊಲಾಜೆನ್ ತಯಾರಿಸುವ ಕೋಶಗಳವು), ಅಂದರೆ ಅದು ಟೆಂಡನ್.

ಅಡ್ಡಸೀಳಿಕೆ (ಎಳೆಗಳನ್ನು ಅಡ್ಡಲಾಗಿ ಕತ್ತರಿಸಿದ ಭಾಗ) ಮಾತ್ರ ಸಿಕ್ಕಿದರೆ ವೃತ್ತಗಳ ಗಾತ್ರ ನೋಡಿ. ನಯ ಸ್ನಾಯುವಿನ ಕೋಶ ಕದಿರಿನಾಕಾರದ್ದಾದ್ದರಿಂದ ಸಣ್ಣ ದೊಡ್ಡ ವೃತ್ತಗಳು ಬೆರೆತಿರುತ್ತವೆ, ಕೋಶಕೇಂದ್ರವು ದೊಡ್ಡ ವೃತ್ತಗಳ ಒಳಗೆ ಮಾತ್ರ, ಅವುಗಳ ಮಧ್ಯಭಾಗದಲ್ಲಿ ಇರುತ್ತದೆ.

ನಿಮ್ಮ ಸ್ಲೈಡ್‌ನ ಸೀಳಿಕೆ ಪೂರ್ತಿ ಓರೆಯಾಗಿದ್ದರೆ ಈ ಗುರುತುಗಳೂ ಮಸುಕಾಗಬಹುದು. ಆಗ ಅದೇ ಅಂಗಾಂಶದ ಮ್ಯಾಸನ್ ಟ್ರೈಕ್ರೋಮ್ ಎಂಬ ವಿಧಾನದಲ್ಲಿ ಬಣ್ಣ ಹಾಕಿದ ಸ್ಲೈಡ್ ಕೇಳಿ ಪಡೆಯಿರಿ. ಅದರಲ್ಲಿ ಸ್ನಾಯು ಕೆಂಪಾಗಿಯೂ ಕೊಲಾಜೆನ್ ನೀಲಿ ಅಥವಾ ಹಸಿರಾಗಿಯೂ ಕಾಣುತ್ತದೆ.