ಬೇಸ್‌ಬಾಲ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ 24–2ರಿಂದ ಸೋತ ಹಳೇ ಪಂದ್ಯ ನಿಜವೇ? ವೃತ್ತಿಪರ ತಂಡ ಅಷ್ಟು ಕೆಟ್ಟದಾಗಿ ಆಡಿದ್ದು ಹೇಗೆ?

ನಿಜ. 1912ರ ಮೇ 18, ಫಿಲಡೆಲ್ಫಿಯಾದ ಶೈಬ್ ಪಾರ್ಕ್, ಎದುರಾಳಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್. ಕ್ರಿಕೆಟ್ ನೋಡಿ ಬೆಳೆದ ನಮಗೆ 24 ರನ್ ಅಂದ್ರೆ ಒಂದು ಓವರ್‌ನ ಮಾತು. ಬೇಸ್‌ಬಾಲ್‌ನಲ್ಲಿ ಇಡೀ ಪಂದ್ಯಕ್ಕೆ ನಾಲ್ಕೈದು ರನ್ ಬಂದರೆ ಸಾಕು ಅನ್ನೋ ಲೆಕ್ಕ. ಆದರೆ ಅವತ್ತು ಟೈಗರ್ಸ್ ಕೆಟ್ಟದಾಗಿ ಆಡಿದರು ಅನ್ನೋದನ್ನ ನಾನು ಒಪ್ಪಲ್ಲ. ಅವರು ಆಡಲೇ ಇಲ್ಲ, ಮುಷ್ಕರ ಹೂಡಿದ್ದರು.

ಮೂರು ದಿನ ಮೊದಲು ನ್ಯೂಯಾರ್ಕ್‌ನಲ್ಲಿ ಕ್ಲಾಡ್ ಲೂಕರ್ ಎಂಬ ಪ್ರೇಕ್ಷಕ ಟೈಗರ್ಸ್‌ನ ತಾರೆ ಟೈ ಕಾಬ್‌ನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಕಾಬ್ ಸ್ಟ್ಯಾಂಡ್‌ಗೆ ನುಗ್ಗಿ ಅವನನ್ನು ಹಿಗ್ಗಾಮುಗ್ಗಾ ಥಳಿಸಿದ. ಲೂಕರ್‌ಗೆ ಮುದ್ರಣಯಂತ್ರದ ಅಪಘಾತದಲ್ಲಿ ಒಂದು ಕೈ ಹೋಗಿತ್ತು, ಇನ್ನೊಂದರಲ್ಲಿ ಮೂರು ಬೆರಳು ಇರಲಿಲ್ಲ. ಟೈಗರ್ಸ್ ಆಡುತ್ತಿದ್ದ ಅಮೆರಿಕನ್ ಲೀಗ್‌ನ ಅಧ್ಯಕ್ಷ ಬ್ಯಾನ್ ಜಾನ್ಸನ್ ಕಾಬ್‌ನನ್ನು ಅಮಾನತು ಮಾಡಿದ. ಸಹ ಆಟಗಾರರಿಗೂ ಕಾಬ್ ಕಂಡರೆ ಅಷ್ಟಕ್ಕಷ್ಟೇ. ಆದರೂ ವಿಚಾರಣೆ ಇಲ್ಲದೆ ಶಿಕ್ಷೆ ಕೊಟ್ಟಿದ್ದು ಸರಿಯಲ್ಲ, ಕಾಬ್ ಇಲ್ಲದೆ ನಾವೂ ಇಳಿಯಲ್ಲ ಅಂತ ಪಟ್ಟು ಹಿಡಿದರು.

ಈಗ ಪೇಚಿಗೆ ಸಿಕ್ಕವನು ಮಾಲೀಕ ಫ್ರಾಂಕ್ ನ್ಯಾವಿನ್. ತಂಡ ಇಳಿಸದಿದ್ದರೆ ಪಂದ್ಯಕ್ಕೆ 5000 ಡಾಲರ್ ದಂಡ. ಮ್ಯಾನೇಜರ್ ಹ್ಯೂಯಿ ಜೆನ್ನಿಂಗ್ಸ್ ಊರಲ್ಲಿ ಕೈಗೆ ಸಿಕ್ಕ ಹುಡುಗರನ್ನೆಲ್ಲ ಗುಡ್ಡೆಹಾಕಿ ಟೈಗರ್ಸ್ ಸಮವಸ್ತ್ರ ತೊಡಿಸಿದ. ಆಗಲೂ ತಲೆ ಸಾಲದೆ 48 ವರ್ಷದ ಕೋಚ್ ಡೀಕನ್ ಮೆಗೈರ್ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದಂತೆ) ಆಗಿ ಕೂತ, 41ರ ಜೋ ಸಗ್ಡನ್ ಮೊದಲ ಬೇಸ್ (ರನ್‌ಗಾಗಿ ಓಡುವವನು ಮುಟ್ಟಬೇಕಾದ ಗುರುತು) ಕಾಯ್ದ.

ಪಿಚರ್, ಅಂದ್ರೆ ಚೆಂಡು ಎಸೆಯುವವನು, ಯಾರು ಗೊತ್ತಾ? ಸೇಂಟ್ ಜೋಸೆಫ್ಸ್ ಕಾಲೇಜಿನ ವಿದ್ಯಾರ್ಥಿ ಅಲ್ ಟ್ರಾವರ್ಸ್, ವಯಸ್ಸು ಇಪ್ಪತ್ತು. ಕಾಲೇಜು ತಂಡದಲ್ಲೂ ಅವನು ಆಟಗಾರನಲ್ಲ, ಸಹಾಯಕ ಮ್ಯಾನೇಜರ್. ಪಿಚ್ ಮಾಡಿದರೆ ಹೆಚ್ಚು ದುಡ್ಡು ಅಂದಿದ್ದಕ್ಕೆ ಮುಂದೆ ಬಂದ. ಎದುರಿಗಿದ್ದದ್ದು 1910, 1911ರ ವಿಶ್ವ ಚಾಂಪಿಯನ್ನರು. ಎಡ್ಡಿ ಕಾಲಿನ್ಸ್, ಫ್ರಾಂಕ್ ಬೇಕರ್ ಇದ್ದ ತಂಡ. ಟ್ರಾವರ್ಸ್ ಎಸೆದದ್ದು ನಿಧಾನವಾಗಿ ಬಾಗುವ ಕರ್ವ್ ಎಸೆತ. 26 ಹಿಟ್, 24 ರನ್, ಅದರಲ್ಲಿ 14 ಅವನ ಲೆಕ್ಕಕ್ಕೆ, ಉಳಿದ 10 ಫೀಲ್ಡಿಂಗ್ ಎಡವಟ್ಟಿನಿಂದ. ಬದಲಾಯಿಸೋಣ ಅಂದ್ರೆ ಇನ್ನೊಬ್ಬ ಪಿಚರ್ ಇದ್ದರೆ ತಾನೇ? ಎಂಟೂ ಇನಿಂಗ್ಸ್ ಅವನೇ ಎಸೆದ. ಒಬ್ಬನನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಕೂಡ ಮಾಡಿದ, ಮರ್ಯಾದೆಗೆ ಅಷ್ಟಾದರೂ ಇರಲಿ! ಪಂದ್ಯ ಅಧಿಕೃತವಾದ್ದರಿಂದ ಒಂಬತ್ತು ಇನಿಂಗ್ಸ್‌ಗೆ 15.75 ಎಂಬ ಅವನ ರನ್ ಸರಾಸರಿ ಇವತ್ತಿಗೂ ಮೇಜರ್ ಲೀಗ್ (ಅಮೆರಿಕದ ಅತಿ ಮೇಲ್ಮಟ್ಟದ ಬೇಸ್‌ಬಾಲ್) ದಾಖಲೆಯಲ್ಲಿದೆ. ಮುಂದೆ ಅವನು ಜೆಸ್ಯುಯಿಟ್ ಪಾದ್ರಿಯಾದ.

ಈ ಬದಲಿ ಆಟಗಾರರಲ್ಲಿ ನನಗೆ ತುಂಬ ಇಷ್ಟವಾದವನು ಮಾತ್ರ ಎಡ್ ಇರ್ವಿನ್. ಮೂರು ಸಲ ಬ್ಯಾಟ್ ಹಿಡಿದು, ಎರಡು ಸಲ ಒಂದೇ ಹೊಡೆತಕ್ಕೆ ಮೂರನೇ ಬೇಸ್ ಮುಟ್ಟಿದ. ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. ಮೂರನೇ ಬೇಸ್ ಕಾಯ್ದ ಬಿಲ್ಲಿ ಮಹಾರ್ಗ್ ಹೆಸರು ಬೇರೆ ಕಡೆ ಕೇಳಿರಬಹುದು: 1919ರ ವರ್ಲ್ಡ್ ಸೀರೀಸ್ (ಬೇಸ್‌ಬಾಲ್‌ನ ವರ್ಷದ ಫೈನಲ್ ಸರಣಿ) ಫಿಕ್ಸಿಂಗ್ ಒಳಗುಟ್ಟನ್ನು ಮರುವರ್ಷ ಪತ್ರಿಕೆಗೆ ಬಿಚ್ಚಿಟ್ಟವನು ಇವನೇ.

ಮುಷ್ಕರ ಹೆಚ್ಚು ದಿನ ನಡೆಯಲಿಲ್ಲ. ಕಾಬ್ ತಾನೇ ಹೇಳಿ ಎಲ್ಲರನ್ನೂ ವಾಪಸ್ ಕಳಿಸಿದ, ಮೇ 21ಕ್ಕೆ ವಾಷಿಂಗ್ಟನ್‌ನಲ್ಲಿ ಅಸಲಿ ಟೈಗರ್ಸ್ ಇಳಿದರು. ಹೊಡೆದಾಡಿದ ಕಾಬ್‌ಗೆ ಹತ್ತು ದಿನ ಅಮಾನತು, 50 ಡಾಲರ್ ದಂಡ. ಅವನ ಪರ ನಿಂತವರಿಗೆ ತಲಾ 100.