ಇಪ್ಪತ್ತು ವರ್ಷ ಅನುಭವದ ಅಂಗನವಾಡಿ ಟೀಚರಿಗೂ ತರಬೇತಿಯೆ?

ಪ್ರಶ್ನೆ: ಬಾಗೇಪಲ್ಲಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ ನಾನು. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. ‘ಪೋಷಣ್ ಭೀ ಪಢಾಯಿ ಭೀ’ (ಪೋಷಣೆಯೂ ಓದೂ) ಅಂತ ಕೇಂದ್ರ ಸರ್ಕಾರದ ಮೂರು ದಿನದ ತರಬೇತಿಗೆ ಕರೆದಿದ್ದರು. ಪಕ್ಕದಲ್ಲಿ ಕೂತಿದ್ದವಳು ಈಗಷ್ಟೇ ಸೇರಿದ ಹುಡುಗಿ, ಇಬ್ಬರಿಗೂ ಒಂದೇ ಪಾಠ. ನನಗೆ ಇನ್ನು ಕಲಿಯೋಕೆ ಏನಿದೆ ಮೇಡಂ? ಓದಿರೋದು ಎಸ್ಸೆಸ್ಸೆಲ್ಸಿ. ಮುಂದಕ್ಕೆ ದಾರಿ ಇದೆಯಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಅಮ್ಮ. ಅಂಗನವಾಡಿಗಳ ಮೇಲ್ವಿಚಾರಕಿಯಾಗಿದ್ದಾಗ ಇಂಥ ಎಷ್ಟೋ ತರಬೇತಿಗಳಲ್ಲಿ ಹಿಂದಿನ ಸಾಲಲ್ಲಿ ಕೂತು ನೋಡಿದ್ದೇನೆ. ಹಳಬರು ಆಕಳಿಸುತ್ತಿರುತ್ತಾರೆ, ಹೊಸಬರು ಗಾಬರಿಯಿಂದ ಬರೆದುಕೊಳ್ಳುತ್ತಿರುತ್ತಾರೆ.

ಹೊಸಬಳಿಗೆ ಬೇಕಾದ್ದು, ಬೆಳಿಗ್ಗೆ ಅಮ್ಮನ ಸೆರಗು ಬಿಡದೆ ಅಳೋ ಮಗುವನ್ನ ಏನು ಮಾಡೋದು ಅನ್ನೋದು. ಅದು ನಿಮಗೆ ನೀರು ಕುಡಿದಷ್ಟು ಸುಲಭ. ನಿಮ್ಮ ಕಡೆ ಮನೆಯಲ್ಲಿ ತೆಲುಗು ಆಡೋ ಮಗು ಕೇಂದ್ರಕ್ಕೆ ಬಂದ ಮೇಲೆ ಎಷ್ಟೋ ದಿನ ಬಾಯಿ ಬಿಡೋದಿಲ್ಲ. ಹೊಸಬಳು ಮಗು ಮಂಕು ಅಂದುಕೊಳ್ಳುತ್ತಾಳೆ. ನೀವಾದರೆ ‘ಬುವ್ವ ತಿಂಟಾವಾ?’ (ಅನ್ನ ತಿಂತೀಯಾ?) ಅಂತ ತೆಲುಗಲ್ಲೇ ಮಾತಿಗೆಳೆದು, ಮೆಲ್ಲಗೆ ಕನ್ನಡದ ಹಾಡಿಗೆ ತರುತ್ತೀರಿ. ಇದನ್ನ ಬೆಂಗಳೂರಿಂದ ಬಂದ ಸಂಪನ್ಮೂಲ ವ್ಯಕ್ತಿ ಹೇಳಿಕೊಡಲಾರರು. ಹಾಗಾಗಿ ಸುತ್ತಲಿನ ಅಂಗನವಾಡಿಯವರೆಲ್ಲ ಸೇರೋ ಮುಂದಿನ ವೃತ್ತ ಸಭೆಯಲ್ಲಿ ಮೇಲ್ವಿಚಾರಕಿಯವರ ಹತ್ತಿರ ಅರ್ಧ ಗಂಟೆ ಕೇಳಿ. ವರದಿ ಒಪ್ಪಿಸೋದು ಹೇಗೂ ಇದ್ದೇ ಇದೆ. ಭಾಷಣ ಬೇಡ, ನೀವು ಮಾಡೋ ಒಂದು ಚಟುವಟಿಕೆಯನ್ನ ಮಾಡಿ ತೋರಿಸಿ. ಆ ಹುಡುಗಿಯನ್ನ ಒಂದು ದಿನ ನಿಮ್ಮ ಕೇಂದ್ರಕ್ಕೂ ಕರೆಸಿಕೊಳ್ಳಿ.

ಹಾಗಂತ ಕಲಿಯೋದು ಮುಗಿಯಿತು ಅಂದರೆ ನಾನು ಒಪ್ಪೋದಿಲ್ಲ. ನಮ್ಮ ಕಾಲದಲ್ಲಿ ಮೂರು ವರ್ಷದೊಳಗಿನ ಮಗು ಅಂದರೆ ತೂಕ, ಚುಚ್ಚುಮದ್ದು, ಆಹಾರದ ಪೊಟ್ಟಣ, ಅಷ್ಟೇ. ಕೇಂದ್ರ ಸರ್ಕಾರ 2024ರಲ್ಲಿ ತಂದ ‘ನವಚೇತನ’ ಅನ್ನೋ ಮಾರ್ಗದರ್ಶಿ ಇದೇ ವಯಸ್ಸಿನ ಕೂಸುಗಳದ್ದು: ಮನೆಭೇಟಿಗೆ ಹೋದಾಗ ಮಗುವಿನ ಜೊತೆ ಹೇಗೆ ಮಾತಾಡಬೇಕು, ಯಾವ ತಿಂಗಳಿಗೆ ಎಂಥ ಆಟ ಅನ್ನೋದನ್ನ ತಾಯಿಗೆ ತೋರಿಸಿಕೊಡೋದು. ಮೂರರಿಂದ ಆರು ವರ್ಷದವರ ಪಠ್ಯಕ್ರಮ ‘ಆಧಾರಶಿಲಾ’ ನಿಮಗೆ ಅರ್ಧ ಪರಿಚಿತ ಅನ್ನಿಸೀತು. ‘ನವಚೇತನ’ವನ್ನ ಮಾತ್ರ ಕೂತು ಓದಿ.

ಇನ್ನು ಓದಿನ ವಿಷಯ. ಪಿಯುಸಿ ಆದ ಕಾರ್ಯಕರ್ತೆಯರಿಗೆ ಶಿಶು ಶಿಕ್ಷಣದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಕೆಲಸ ಬಿಡಬೇಕಿಲ್ಲ, ಮೊಬೈಲಲ್ಲೇ ಪಾಠ, ತಿಂಗಳಿಗೆ ಒಮ್ಮೆಯಾದರೂ ಮುಖಾಮುಖಿ ತರಗತಿ ಅನ್ನೋದೂ ಅದರಲ್ಲೇ ಇದೆ. ನಿಮ್ಮ ತಾಲ್ಲೂಕಿನ ಸರದಿ ಯಾವಾಗ ಅಂತ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲೇ ಕೇಳಿ, ಬಾಯಿ ಮಾತು ಅಲ್ಲಿ ನಿಲ್ಲೋದಿಲ್ಲ. ಮೇಲ್ವಿಚಾರಕಿ ಹುದ್ದೆಗಳಲ್ಲಿ ಅರ್ಧವನ್ನ ಐದು ವರ್ಷ ಅನುಭವವಿರೋ ಕಾರ್ಯಕರ್ತೆಯರ ಬಡ್ತಿಯಿಂದ ತುಂಬಬೇಕು ಅಂತ ಕೇಂದ್ರದ 2022ರ ಮಾರ್ಗಸೂಚಿ ಹೇಳುತ್ತದೆ. ಅನುಭವ ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ತಕ್ಕ ವಿದ್ಯಾರ್ಹತೆಯೂ ಬೇಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ (ಎನ್‌ಐಒಎಸ್) ಹನ್ನೆರಡನೇ ತರಗತಿ ಪರೀಕ್ಷೆಗೆ ಮನೆಯಲ್ಲೇ ಓದಿ ಕೂರಬಹುದು. ಮಗಳು ಪಿಯುಸಿಯಲ್ಲಿದ್ದರೆ ಇಬ್ಬರೂ ಒಟ್ಟಿಗೆ ಓದಿ.